ಬಿಸಿ ಎಲ್ಲಿಗೆ ಹೋಗುತ್ತದೆ?

ಕಲಬುರಗಿ ಸೀಮೆಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ನಗೆಯಾಡುವುದುಂಟು. ನಗೆಯ ಮಾತಾದರೂ ಸರಕಾರ ಅದನ್ನು ಅರ್ಧ ಒಪ್ಪಿಕೊಂಡಂತಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ವಿಭಾಗದ ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ವರ್ಷಗಳಿಂದ ನಡೆದು ಬಂದಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟಿದರೆ ಅದು ಸುದ್ದಿಯೇ ಅಲ್ಲ. ಕಾಲ ಕೆಳಗೆ ಫರ್ಸಿ ಕಲ್ಲು, ಗೋಡೆಗೆ ಅದೇ ಕಲ್ಲು, ಎಷ್ಟೋ ಮನೆಗಳಲ್ಲಿ ತಲೆಯ ಮೇಲೂ ಅದೇ. ಹಗಲೆಲ್ಲ ಹೀರಿಕೊಂಡ ಬಿಸಿಲನ್ನು ಈ ಕಲ್ಲು ರಾತ್ರಿ ನಿಧಾನವಾಗಿ ಮನೆಯೊಳಗೆ ಬಿಡುತ್ತದೆ. ನಮ್ಮ ಹಿರಿಯರು ಅಂಗಳದಲ್ಲೋ ಮಾಳಿಗೆಯ ಮೇಲೋ ಮಲಗುತ್ತಿದ್ದದ್ದು ಚಂದ್ರನನ್ನು ನೋಡಲಿಕ್ಕಲ್ಲ.

ಇಂಥ ಊರಿನ ನಮ್ಮ ಮನೆಯಲ್ಲಿ ನೀರಿನಿಂದ ತಂಪಾಗುವ ಒಂದು ಪುಟ್ಟ ಕಂಪ್ಯೂಟರ್ ತಯಾರಾಯಿತು. ಅದನ್ನು ಕಟ್ಟಿದವನು ನಮ್ಮ ಅಣ್ಣನ ಮಗ. ಹಣದ ಅರ್ಧ ಭಾಗ ಅವನದು, ಇನ್ನರ್ಧ ಅಣ್ಣನದು ಮತ್ತು ನಮ್ಮದು. ಕತೆ ಬರೆಯುವ ನಮಗೆ ಕಂಪ್ಯೂಟರ್ ಎಂದರೆ ನುಡಿ ತಂತ್ರಾಂಶದಲ್ಲಿ ಕನ್ನಡ, ಇನ್‌ಪೇಜಿನಲ್ಲಿ ಉರ್ದು, ಅಷ್ಟೇ. ಅದರ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಈ ನೆಪದಲ್ಲಿ ನಾವೂ ನೋಡಿದೆವು.

ಹುಡುಗ ಕಲಬುರಗಿಯಲ್ಲಿ ಬಿಸಿಎ ಓದುತ್ತಾನೆ. ಬಿಡುವಿನಲ್ಲಿ ಊರಿನ ಫೋಟೋ ಸ್ಟುಡಿಯೋಗಳಿಗೆ ಮದುವೆಯ ವಿಡಿಯೋ ಎಡಿಟ್ ಮಾಡಿಕೊಡುತ್ತಾನೆ. ಆಟವನ್ನೂ ಆಡುತ್ತಾನೆ, ಅದನ್ನು ಮುಚ್ಚಿಡುವುದೇಕೆ? ಮೊದಲು ಹಠ ಹಿಡಿದದ್ದು ಆಟಕ್ಕೇ. ಆಟದ ಕಂಪ್ಯೂಟರ್ ಎಂದರೆ ಬೇರೆ ಏನೂ ಅಲ್ಲ, ಸಾಮಾನ್ಯ ಕಂಪ್ಯೂಟರಿಗೆ ಚಿತ್ರ ಬಿಡಿಸುವ ಒಂದು ದೊಡ್ಡ ಕಾರ್ಡು ಸೇರಿಸಿದ್ದು. ಓಡುವ ಕಾರು, ಹಾರುವ ಚೆಂಡು, ನೀರಿನ ಮೇಲಿನ ಬೆಳಕು, ಇವೆಲ್ಲವನ್ನೂ ಸೆಕೆಂಡಿಗೆ ಅರವತ್ತು ಸಲ, ನೂರು ಸಲ ಹೊಸದಾಗಿ ಬಿಡಿಸುವುದು ಅದರ ಕೆಲಸ. ಮದುವೆಯ ವಿಡಿಯೋಗೆ ಬಣ್ಣ ಹೊಂದಿಸಿ ಕೊನೆಯ ಫೈಲು ತೆಗೆಯುವುದಕ್ಕೂ ಅದೇ ಕಾರ್ಡು ಬೇಕು. ಆಟ ಮತ್ತು ಅನ್ನ ಒಂದೇ ಯಂತ್ರದಿಂದ ಬರುವುದಾದರೆ ಬೇಡ ಎನ್ನುವುದು ಕಷ್ಟ.

ಅವನ ಹಳೆಯ ಕಂಪ್ಯೂಟರ್ 2024ರ ಬೇಸಿಗೆಯಲ್ಲಿ ಕೈಕೊಟ್ಟಿತ್ತು. ನಮ್ಮ ಕಡೆ ಮದುವೆಗಳು ಹೆಚ್ಚಾಗಿ ಆಗುವುದು ಬೇಸಿಗೆಯಲ್ಲೇ. ಕೆಲಸ ಹೆಚ್ಚಿದಷ್ಟೂ ಯಂತ್ರ ಕಾಯುತ್ತಿತ್ತು, ಮಧ್ಯಾಹ್ನ ಎರಡರ ಹೊತ್ತಿಗೆ ತಾನಾಗಿಯೇ ಬಂದ್ ಆಗುತ್ತಿತ್ತು. ಇದು ಕೆಟ್ಟುಹೋದ ಲಕ್ಷಣವಲ್ಲ, ಉಳಿದುಕೊಳ್ಳುವ ಉಪಾಯ. ಇಂದಿನ ಪ್ರೊಸೆಸರುಗಳು 90, 95 ಡಿಗ್ರಿ ಮುಟ್ಟಿದರೆ ಮೊದಲು ತಮ್ಮ ಓಟವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಆರಿಹೋಗುತ್ತವೆ. ಅದೇ ಮೇ ತಿಂಗಳಲ್ಲಿ ನಮ್ಮ ಅಮ್ಮಿ ಕೂಡ ಪಡಸಾಲೆಯಲ್ಲಿ ತಲೆಸುತ್ತಿ ಬಿದ್ದರು. ಎಪ್ಪತ್ತೆಂಟು ವರ್ಷ, ಬಿಪಿ ಮಾತ್ರೆ. ಡಾಕ್ಟರು ಸಲೈನ್ ಹಾಕಿ, ಬಿಸಿಲಿನಿಂದ ಆದದ್ದು, ತಂಪಾದ ಜಾಗದಲ್ಲಿಡಿ, ನೀರು ಕುಡಿಸುತ್ತಿರಿ ಎಂದರು. ಒಂದೇ ತಿಂಗಳಲ್ಲಿ ಒಂದೇ ಮನೆಯೊಳಗೆ ಒಂದು ಯಂತ್ರ ಮತ್ತು ಒಂದು ಜೀವ ಬಿಸಿಗೆ ಸೋತಿದ್ದವು. ಮುಂದೆ ನಡೆದದ್ದೆಲ್ಲ ಈ ಎರಡರ ನಡುವಿನ ಲೆಕ್ಕ.

ಹೊಸ ಯಂತ್ರ ಚಿಕ್ಕದಾಗಿರಬೇಕು ಎಂಬುದು ಹುಡುಗನ ಮೊದಲ ಷರತ್ತು. ವಾರದ ಐದು ದಿನ ಕಲಬುರಗಿಯ ಕೋಣೆ, ಎರಡು ದಿನ ಸೇಡಂ. ಬಸ್ಸಿನಲ್ಲಿ ಮಡಿಲ ಮೇಲೆ ಕೂರಬೇಕು. ಇದಕ್ಕೆಂದೇ ಒಂದು ಅಳತೆ ಇದೆ, ಮಿನಿ-ಐಟಿಎಕ್ಸ್ ಎನ್ನುತ್ತಾರೆ. ತೈವಾನಿನ ವಿಯಾ ಎಂಬ ಕಂಪನಿ 2001ರಲ್ಲಿ ಹೊರತಂದದ್ದು. ಮದರ್‌ಬೋರ್ಡು ಉದ್ದ ಅಗಲ ಎರಡೂ 17 ಸೆಂಟಿಮೀಟರ್, ಒಂದು ಬಿಸಿ ರೊಟ್ಟಿಗಿಂತ ಚಿಕ್ಕದು. ಅದಕ್ಕೆ ತಕ್ಕ ಪವರ್ ಸಪ್ಲೈ 12.5 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಆಳ. ಎಲ್ಲವೂ ಸೇರಿ ಡಬ್ಬಿಯ ಗಾತ್ರ 18 ಲೀಟರ್. ಕಂಪ್ಯೂಟರನ್ನು ಲೀಟರಿನಲ್ಲಿ ಅಳೆಯುತ್ತಾರೆ ಎಂಬುದು ನಮಗೆ ಹೊಸ ಸಂಗತಿ. ಫಿಲ್ಟರ್ ನೀರಿನ ಕ್ಯಾನು 20 ಲೀಟರ್, ಅದಕ್ಕಿಂತ ಒಂದು ಹಿಡಿ ಕಡಿಮೆ ಎಂದರೆ ಮನೆಯ ಹೆಂಗಸರಿಗೆ ಕೂಡಲೇ ತಿಳಿಯಿತು.

ಸಾಮಾನುಗಳಿಗಾಗಿ ಹುಡುಗ ಸಿಕಂದರಾಬಾದಿಗೆ ಹೋದ. ಕಂಪ್ಯೂಟರ್ ಬಿಡಿಭಾಗ ಎಂದರೆ ಬೆಂಗಳೂರಿನವರಿಗೆ ಎಸ್.ಪಿ. ರೋಡು, ನಮ್ಮ ಸೀಮೆಯವರಿಗೆ ಸಿಕಂದರಾಬಾದಿನ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರ್. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಓಡತೊಡಗಿತು. ಅಂದಿನಿಂದ ಸೇಡಂನವರ ದೊಡ್ಡ ಖರೀದಿಗಳೆಲ್ಲ ಆ ಹಳಿಯ ಮೇಲೆಯೇ ಬಂದಿವೆ. ರೈಜನ್ 5 5600 ಎಂಬ ಪ್ರೊಸೆಸರ್, ಅದು 65 ವಾಟಿನದು. ಯಾರೋ ಬಳಸಿ ಬಿಟ್ಟ ಆರ್‌ಟಿಎಕ್ಸ್ 3060 ಕಾರ್ಡು, ಅದು 170 ವಾಟಿನದು. ಉಳಿದದ್ದೆಲ್ಲ ಸೇರಿ ಪೂರ್ತಿ ದುಡಿಯುವಾಗ ಯಂತ್ರ ಸುಮಾರು 300 ವಾಟ್ ಎಳೆಯುತ್ತದೆ. ಎಳೆದ ಕರೆಂಟಿನಿಂದ ಹಿಟ್ಟು ಬೀಸುವುದಿಲ್ಲ, ನೀರು ಎತ್ತುವುದಿಲ್ಲ. ಲೆಕ್ಕ ಮಾಡಿ ಮುಗಿದ ಮೇಲೆ ಅಷ್ಟೂ ಕರೆಂಟು ಬಿಸಿಯಾಗಿ ಹೊರಬರುತ್ತದೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈ ಸುಮಾರು 100 ವಾಟ್ ಬಿಸಿ ಹೊರಬಿಡುತ್ತದೆ. ಅಂದರೆ ಯಂತ್ರ ಓಡುವಾಗ ಕೋಣೆಯಲ್ಲಿ ಮೂವರು ಕಾಣದ ಅತಿಥಿಗಳು ಕುಳಿತಂತೆ. 18 ಲೀಟರಿನ ಡಬ್ಬಿಯಲ್ಲಿ ಈ ಮೂವರ ಬಿಸಿಯನ್ನು ತುಂಬಿದರೆ ಏನಾದೀತು? ನೀರು ಬೇಕಾದದ್ದು ಅದಕ್ಕೆ.

ನೀರಿನಿಂದ ಯಂತ್ರವನ್ನು ತಣಿಸುವುದು ನಮ್ಮ ಕಡೆಯವರಿಗೆ ಹೊಸ ವಿದ್ಯೆಯಲ್ಲ. ನಾವು ಚಿಕ್ಕವರಿದ್ದಾಗ ಓಣಿಯ ಹಿಟ್ಟಿನ ಗಿರಣಿಯಲ್ಲಿ ಡೀಸೆಲ್ ಇಂಜಿನ್ನಿತ್ತು. ಪಕ್ಕದಲ್ಲಿ ನೀರಿನ ದೊಡ್ಡ ಟಾಕಿ. ಇಂಜಿನ್ನಿನ ಮೈ ಸುತ್ತಿ ಬಿಸಿಯಾದ ನೀರು ಮೇಲಿನ ಪೈಪಿನಿಂದ ಟಾಕಿಗೆ ಬೀಳುತ್ತಿತ್ತು, ಆರಿದ ನೀರು ಕೆಳಗಿನಿಂದ ಮತ್ತೆ ಇಂಜಿನ್ನಿಗೆ ಹೋಗುತ್ತಿತ್ತು. ಚಳಿಗಾಲದ ಬೆಳಿಗ್ಗೆ ಜೋಳ ಬೀಸಲು ಹೋದ ಹುಡುಗರು ಆ ಟಾಕಿಗೆ ಕೈ ಒತ್ತಿ ನಿಲ್ಲುತ್ತಿದ್ದೆವು. ನಮ್ಮ ಅಣ್ಣ ಫರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಶೆಡ್ಡು ನಡೆಸುತ್ತಾನೆ. ಅಲ್ಲಿ ಕಲ್ಲು ಕೊಯ್ಯುವ ವಜ್ರದ ಬ್ಲೇಡಿನ ಮೇಲೆ ನೀರು ಸುರಿಯುತ್ತಲೇ ಇರಬೇಕು. ನೀರು ನಿಂತರೆ ಬ್ಲೇಡು ಕೆಂಪಾಗಿ ಕೆಲವೇ ಹೊತ್ತಿನಲ್ಲಿ ಹಾಳು. ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದವರನ್ನು ಕೇಳಿದರೆ ಅವರು ಇನ್ನೂ ದೊಡ್ಡ ಲೆಕ್ಕ ಹೇಳುತ್ತಾರೆ. ಸುಣ್ಣದ ಕಲ್ಲು ಕ್ಲಿಂಕರ್ ಆಗಲು 1450 ಡಿಗ್ರಿ ಬೇಕು, ಆ ಬೆಂಕಿಯ ಪಕ್ಕದಲ್ಲಿ ತಿರುಗುವ ಬೇರಿಂಗುಗಳು ಉಳಿಯಲು ನೀರು ಬೇಕು.

ಕಂಪ್ಯೂಟರ್ ಲೋಕದಲ್ಲಿಯೂ ಇದು ಹಳೆಯ ಮಾತು. ಐಬಿಎಂ ಕಂಪನಿಯ 3081 ಎಂಬ ದೊಡ್ಡ ಯಂತ್ರ 1980ರ ಹೊತ್ತಿಗೆ ನೀರಿನಿಂದ ತಣಿಯುತ್ತಿತ್ತು. 1985ರ ಕ್ರೇ-2 ಸೂಪರ್ ಕಂಪ್ಯೂಟರನ್ನು ಕರೆಂಟು ಹರಿಯದ ಒಂದು ದ್ರವದಲ್ಲಿ ಪೂರ್ತಿ ಮುಳುಗಿಸಿಯೇ ಇಟ್ಟಿದ್ದರು. ಮೇಜಿನ ಮೇಲಿನ ಯಂತ್ರಕ್ಕೆ ಬಂದರೆ, ಆಪಲ್ ಕಂಪನಿ 2004ರಲ್ಲಿ ತನ್ನ ಪವರ್ ಮ್ಯಾಕ್ ಜಿ5ರ ಒಂದು ಮಾದರಿಗೆ ದ್ರವ ತಂಪು ಅಳವಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಆರಂಭಿಸಿದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ ಕೂಡ ದ್ರವದಿಂದ ತಣಿಯುವಂಥದೇ. ಕಾರಣ ಸರಳ. ಒಂದು ಲೋಟ ನೀರು ಒಂದು ಡಿಗ್ರಿ ಏರುವಷ್ಟರಲ್ಲಿ ಹೊತ್ತೊಯ್ಯುವ ಬಿಸಿಯನ್ನು ಗಾಳಿ ಹೊತ್ತೊಯ್ಯಬೇಕಾದರೆ ಮೂರು ಸಾವಿರಕ್ಕೂ ಹೆಚ್ಚು ಲೋಟ ಗಾಳಿ ಬೇಕು. ಚಿಕ್ಕ ಡಬ್ಬಿಯಲ್ಲಿ ಅಷ್ಟು ಗಾಳಿಗೆ ಜಾಗವಿಲ್ಲ, ಅದನ್ನು ನೂಕುವ ಫ್ಯಾನಿನ ಸದ್ದೂ ಸಹಿಸಲಾಗದು.

ಹುಡುಗ ಕಟ್ಟಿದ ವ್ಯವಸ್ಥೆ ಇಷ್ಟೇ. ಪ್ರೊಸೆಸರಿನ ಮೇಲೆ ಒಂದು ತಾಮ್ರದ ಅಚ್ಚು, ಕಾರ್ಡಿನ ಮೇಲೆ ಇನ್ನೊಂದು. ಅವುಗಳ ಒಳಗೆ ಕೂದಲೆಳೆಯಂಥ ಗೆರೆಗಳು, ಆ ಗೆರೆಗಳ ನಡುವೆ ನೀರು. ನೀರನ್ನು ತಳ್ಳಲು ನಿಂಬೆಹಣ್ಣಿಗಿಂತ ತುಸು ದೊಡ್ಡ ಪಂಪು. ಬಿಸಿಯಾದ ನೀರು ಕೊಳವೆಯಲ್ಲಿ ಹರಿದು ಡಬ್ಬಿಯ ಮಗ್ಗುಲಿಗೆ ಕೂರಿಸಿದ 240 ಮಿಲಿಮೀಟರಿನ ರೇಡಿಯೇಟರಿಗೆ ಹೋಗುತ್ತದೆ. ಕಾರಿನ ರೇಡಿಯೇಟರಿನ ಮರಿ ಎನ್ನಿ. ಅಲ್ಲಿ ಎರಡು ಫ್ಯಾನುಗಳು ಗಾಳಿ ಬೀಸಿ ಬಿಸಿಯನ್ನು ಹೊರಗೆ ಕಳಿಸುತ್ತವೆ, ತಣಿದ ನೀರು ಮತ್ತೆ ತಾಮ್ರಕ್ಕೆ ಬರುತ್ತದೆ. ಒಟ್ಟು ನೀರು ಒಂದು ತಂಬಿಗೆಯಷ್ಟೂ ಇಲ್ಲ.

ಯಾವ ನೀರು ಎಂಬಲ್ಲಿ ಊರಿನ ಗುಣ ಅಡ್ಡ ಬಂತು. ನಮ್ಮ ನೆಲದ ಕೆಳಗೆಲ್ಲ ಸುಣ್ಣದ ಕಲ್ಲು. ಆ ಕಲ್ಲಿಗಾಗಿಯೇ ಕಾರ್ಖಾನೆಗಳು ಬಂದವು, ಆ ಕಲ್ಲಿನಿಂದಲೇ ನಮ್ಮ ಬೋರಿನ ನೀರು ಗಡಸು. ಚಹಾದ ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುವ ನೀರನ್ನು ಕೂದಲೆಳೆಯ ಗೆರೆಗಳಲ್ಲಿ ಹರಿಸಿದರೆ ತಿಂಗಳೊಪ್ಪತ್ತಿನಲ್ಲಿ ಎಲ್ಲ ಕಟ್ಟಿಕೊಳ್ಳುತ್ತದೆ. ಭಟ್ಟಿ ಇಳಿಸಿದ ನೀರೇ ಬೇಕು. ಅದೂ ಸಾಲದು, ಪಾಚಿ ಬೆಳೆಯದಂತೆ, ಲೋಹ ತಿನ್ನದಂತೆ ಔಷಧಿ ಬೆರೆಸಬೇಕು. ತಾಮ್ರದ ಅಚ್ಚಿಗೆ ಅಲ್ಯುಮಿನಿಯಂ ರೇಡಿಯೇಟರ್ ಸೇರಿಸಬಾರದು. ಒಂದೇ ನೀರಿನಲ್ಲಿ ಎರಡು ಲೋಹ ನಿಂತರೆ ಅಲ್ಲಿ ಬ್ಯಾಟರಿಯೇ ಹುಟ್ಟಿದಂತೆ, ಅಲ್ಯುಮಿನಿಯಂ ಕರಗುತ್ತಾ ಹೋಗುತ್ತದೆ. ಕೊಳವೆಯಲ್ಲೂ ವಿಚಾರವಿದೆ. ಗಾಜಿನಂತೆ ಹೊಳೆಯುವ ಪಿಇಟಿಜಿ ಎಂಬ ಗಟ್ಟಿ ಕೊಳವೆ ನೋಡಲು ಚಂದ. ಆದರೆ ಒಳಗಿನ ನೀರು 60 ಡಿಗ್ರಿ ಸಮೀಪಿಸಿದರೆ ಅದನ್ನು ನಂಬುವಂತಿಲ್ಲ, ಮೆತ್ತಗಾಗಿ ಜಾಯಿಂಟು ಸಡಿಲಬಹುದು. ತಂಪು ದೇಶದವರಿಗೆ 60 ದೂರದ ಊರು, ಸೇಡಂನವರಿಗೆ ಪಕ್ಕದ ಓಣಿ. ಹುಡುಗ ಚಂದವನ್ನು ಬಿಟ್ಟು ಕಪ್ಪು ರಬ್ಬರ್ ಕೊಳವೆ ಹಾಕಿದ. ಅವನ ಬುದ್ಧಿಯ ಬಗ್ಗೆ ನಮಗೆ ಭರವಸೆ ಹುಟ್ಟಿದ್ದು ಆಗಲೇ.

ನೀರು ತುಂಬಿದ ರಾತ್ರಿ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಮೊದಲು ಪಂಪಿಗೆ ಮಾತ್ರ ಕರೆಂಟು ಕೊಡಬೇಕು, ಉಳಿದ ಯಾವುದಕ್ಕೂ ಕೊಡಬಾರದು. ಪ್ರತಿ ಜಾಯಿಂಟಿನ ಕೆಳಗೆ ಟಿಶ್ಯೂ ಕಾಗದ. ಒಂದು ಹನಿ ಸೋರಿದರೂ ಕಾಗದ ಹೇಳುತ್ತದೆ. ಹೊಸ ಟಾಕಿ ಕಟ್ಟಿದ ಮೇಲೆ ನೀರು ತುಂಬಿ ಗೋಡೆಗೆ ಕೈ ಸವರಿ ನೋಡುತ್ತೇವಲ್ಲ, ಹಾಗೆ. ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳನ್ನು ಹೊರಡಿಸಲು ಡಬ್ಬಿಯನ್ನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ವಾಲಿಸುತ್ತಿದ್ದ. ಅಮ್ಮಿ ಅದನ್ನು ನೋಡಿ, ಹಾಲು ಕುಡಿದ ಕೂಸಿಗೆ ತೇಗು ತರಿಸುವಂತಿದೆ ಎಂದರು. ಮರುದಿನ ಮಗ್ರಿಬ್ ಹೊತ್ತಿಗೆ ಇಪ್ಪತ್ತನಾಲ್ಕು ತಾಸು ತುಂಬಿತು, ಕಾಗದ ಒಣಗಿದ್ದು ಒಣಗಿದಂತೆಯೇ ಇತ್ತು.

ಅದು 2025ರ ಜನವರಿ. ಕೋಣೆ 24 ಡಿಗ್ರಿ. ಯಂತ್ರವನ್ನು ಪೂರ್ತಿ ದುಡಿಸಿದರೂ ಒಳಗಿನ ನೀರು 40 ದಾಟಲಿಲ್ಲ, ಫ್ಯಾನಿನ ಸದ್ದು ಕೇಳಲೂ ಇಲ್ಲ. ನೀರಿನ ಶಾಖ ಅಳೆಯಲು ಹುಡುಗ ಕೊಳವೆಯ ನಡುವೆ ಒಂದು ಸಣ್ಣ ಮಾಪಕ ಕೂರಿಸಿದ್ದ. ಅದರ ಅಂಕಿಯನ್ನು ನಾವೆಲ್ಲ ಕ್ರಿಕೆಟ್ ಸ್ಕೋರಿನಂತೆ ಕೇಳುತ್ತಿದ್ದೆವು. ಅಮ್ಮಿ ರೇಡಿಯೇಟರಿನ ಮುಂದೆ ಅಂಗೈ ಹಿಡಿದು, ಬರುತ್ತಿದ್ದ ಬೆಚ್ಚನೆಯ ಗಾಳಿಯನ್ನು ಸ್ವಲ್ಪ ಹೊತ್ತು ಅನುಭವಿಸಿ, ಒಂದು ಮಾತು ಕೇಳಿದರು. "ಯೇ ಗರ್ಮಿ ಕಾಂ ಜಾತೀ ರೇ ಬಾಬಾ?" ಈ ಬಿಸಿ ಎಲ್ಲಿಗೆ ಹೋಗುತ್ತದೆ ಎಂದು. ಹುಡುಗ, ಹೊರಗೆ ಹೋಗ್ತದೆ ದಾದಿ, ಎಂದ. ಹೊರಗೆ ಎಂದರೆ ಈ ಕೋಣೆಯಲ್ಲವೇ, ಈ ಕೋಣೆಯಲ್ಲಿ ನಾನಿಲ್ಲವೇ ಎಂದು ಅಮ್ಮಿ ನಕ್ಕರು. ಜನವರಿಯಲ್ಲಿ ಅದು ನಗುವ ಮಾತೇ ಆಗಿತ್ತು.

ಏಪ್ರಿಲಿನಲ್ಲಿ ಕೋಣೆ 38 ಡಿಗ್ರಿಗೆ ಬಂತು, ನೀರು 54ಕ್ಕೆ. ಯಾವ ಕಾಲದಲ್ಲಾದರೂ ಅಂತರ ಅದೇ ಹದಿನಾರು. ರೇಡಿಯೇಟರ್ ಎಷ್ಟು ದೊಡ್ಡದಾದರೂ, ಅದರೊಳಗಿನ ನೀರು ಕೋಣೆಯ ಗಾಳಿಗಿಂತ ತಂಪಾಗಲಾರದು. ಅದರ ಕೆಲಸ ಬಿಸಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರುವುದು, ಅಷ್ಟೇ. ಹಮಾಲಿ ಮೂಟೆಯನ್ನು ಹೊರುತ್ತಾನೆ, ತಿನ್ನುವುದಿಲ್ಲ. ಆದರೆ ಅದೇ ಕೋಣೆಯ ಮೂಲೆಯಲ್ಲಿ ಮಣ್ಣಿನ ಹರವಿ ಇತ್ತು, ಅದರ ನೀರು ಗಾಳಿಗಿಂತ ತಂಪಾಗಿತ್ತು. ಹತ್ತು ರೂಪಾಯಿಯ ಕೊಳವೆಯೂ ಇಲ್ಲದ ಹರವಿಗೆ ಸಾಧ್ಯವಾದದ್ದು ಸಾವಿರಾರು ರೂಪಾಯಿಯ ರೇಡಿಯೇಟರಿಗೆ ಯಾಕೆ ಸಾಧ್ಯವಾಗಲಿಲ್ಲ?

ಹರವಿ ತನ್ನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕಳೆದುಕೊಳ್ಳುತ್ತದೆ, ಉತ್ತರ ಅದರಲ್ಲಿದೆ. ಮಣ್ಣಿನ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಬಿಸಿಯನ್ನು ತನ್ನೊಂದಿಗೆ ಒಯ್ಯುತ್ತದೆ. ಹುಡುಗ ಲೆಕ್ಕ ಹಾಕಿ ತೋರಿಸಿದ. ಒಂದು ಲೀಟರ್ ನೀರನ್ನು ಹತ್ತು ಡಿಗ್ರಿ ಕಾಯಿಸಲು ಅವನ ಯಂತ್ರದ ಬಿಸಿ ಎರಡೂವರೆ ನಿಮಿಷಕ್ಕೇ ಸಾಕು. ಅದೇ ಒಂದು ಲೀಟರ್ ಪೂರ್ತಿ ಆವಿಯಾದರೆ ಎರಡು ತಾಸಿಗೂ ಹೆಚ್ಚು ಹೊತ್ತಿನ ಬಿಸಿಯನ್ನು ಒಯ್ಯುತ್ತದೆ. ಡೆಸರ್ಟ್ ಕೂಲರ್ ನಡೆಯುವುದೂ, ಹಿಂದೆ ಬಾಗಿಲಿಗೆ ಖಸ್ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದದ್ದೂ ಇದೇ ನಿಯಮದಿಂದ. ಅಕ್ಬರನ ಆಸ್ಥಾನದಲ್ಲಿ ಕುಡಿಯುವ ನೀರಿಗೆಂದೇ ಆಬ್ದಾರ್‌ಖಾನೆ ಇತ್ತು, ಸೋರುಪ್ಪಿನ ಸಹಾಯದಿಂದ ನೀರನ್ನು ತಂಪು ಮಾಡುತ್ತಿದ್ದರು ಎಂದು ಅಬುಲ್ ಫಜಲ್ 'ಆಯಿನೆ ಅಕ್ಬರಿ'ಯಲ್ಲಿ ಬರೆದಿದ್ದಾನೆ. ಬಾದಶಹನಿಗೆ ಸೋರುಪ್ಪು, ಬಡವನಿಗೆ ಹರವಿ.

ಮನುಷ್ಯನ ಮೈ ಯಾವುದರಂತೆ? ಗಾಳಿ ತಂಪಾಗಿದ್ದಾಗ ಅದು ರೇಡಿಯೇಟರಿನಂತೆ, ಚರ್ಮದಿಂದಲೇ ಬಿಸಿ ಬಿಡುತ್ತದೆ. ಚರ್ಮದ ಶಾಖ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದರೆ ಆ ದಾರಿ ಮುಚ್ಚಿತು. ಆಮೇಲೆ ಉಳಿಯುವುದು ಹರವಿಯ ದಾರಿ ಒಂದೇ, ಬೆವರುವುದು ಮತ್ತು ಬೆವರು ಆರುವುದು. ಮುದುಕರ ಮೈ ಬೆವರುವುದು ಕಡಿಮೆ, ಅವರಿಗೆ ಬಾಯಾರಿಕೆ ತಿಳಿಯುವುದೂ ಕಡಿಮೆ. ಅಮ್ಮಿ 2024ರಲ್ಲಿ ಬಿದ್ದದ್ದು ಯಾಕೆ ಎಂಬುದು ನಮಗೆ ಅರ್ಥವಾದದ್ದು ಆಸ್ಪತ್ರೆಯಲ್ಲಲ್ಲ, ಈ ಕಂಪ್ಯೂಟರಿನ ಮುಂದೆ.

ಈಗ ಜಗಳದ ವಿಷಯ. ಏಪ್ರಿಲ್ ಕೊನೆಗೆ ಹುಡುಗನ ಕೈಯಲ್ಲಿ ಏಳು ಮದುವೆಗಳ ವಿಡಿಯೋ ಬಾಕಿ. ನೀರು 54ರಿಂದ ಮೇಲೇರುತ್ತಿತ್ತು. ಪಡಸಾಲೆಯಲ್ಲಿ ಅಮ್ಮಿಯ ಮಂಚದ ಎದುರು ಒಂದು ಕೂಲರ್ ಇತ್ತು. ಆ ಕೂಲರಿನ ಗಾಳಿಗೆ ರೇಡಿಯೇಟರನ್ನು ಒಡ್ಡಿದರೆ ನೀರು ಏಳೆಂಟು ಡಿಗ್ರಿ ಇಳಿಯುತ್ತದೆ ಎಂದು ಹುಡುಗ ಹೇಳಿದ. ಹೇಳಿದ್ದು ಸರಿಯೇ. ಆದರೆ ಹಾಗೆ ಮಾಡಿದರೆ ತಂಪು ಗಾಳಿ ಮೊದಲು ಡಬ್ಬಿಗೆ ಹೋಗಿ, ಮೂವರ ಬಿಸಿಯನ್ನು ಹೊತ್ತುಕೊಂಡು ಆಮೇಲೆ ಅಮ್ಮಿಯ ಹತ್ತಿರ ಬರುತ್ತದೆ. ಅಮ್ಮಿ, ಮಗು ದುಡಿಯುತ್ತಿದೆ, ತೆಗೆದುಕೊಳ್ಳಲಿ ಎಂದರು. ಅತ್ತಿಗೆ ಒಪ್ಪಲಿಲ್ಲ. ಕರೆಂಟು ಹೋದಾಗ ಇನ್‌ವರ್ಟರಿನ ಪಾಲಿನ ಮಾತೂ ಬಂತು. ಫ್ಯಾನಿಗೆ 70 ವಾಟ್, ಯಂತ್ರಕ್ಕೆ 300. ಯಾರು ಎಷ್ಟು ಹೊತ್ತು?

ಅಣ್ಣ ಕಲ್ಲಿನ ಮನುಷ್ಯ, ಉಪಾಯವೂ ಕಲ್ಲಿನದೇ. ನಮ್ಮ ಮನೆಯ ದಪ್ಪ ಗೋಡೆಯಲ್ಲಿ ಹಳೆಯದೊಂದು ಗೂಡು ಇದೆ, ತಾಖ್ ಎನ್ನುತ್ತೇವೆ. ಹಿಂದೆ ಕಂದೀಲು ಇಡುತ್ತಿದ್ದ ಜಾಗ. ಅಳತೆ ಮಾಡಿಸಿದಂತೆ ಡಬ್ಬಿ ಅದರಲ್ಲಿ ಕೂರುತ್ತದೆ. ಗೂಡಿನ ಹಿಂಬದಿಗೆ ಒಂದು ಕಿಂಡಿ ಕೊರೆದರೆ ಬಿಸಿಯೆಲ್ಲ ಆಚೆಯ ಸಂದಿಗೆ ಹೋಗುತ್ತದೆ ಎಂದ. ಆಚೆಯ ಸಂದಿಯೆಂದರೆ ನೆರೆಮನೆಯ ಅವ್ವ ಸಂಜೆಯ ಹೊತ್ತು ಕಟ್ಟೆಯ ಮೇಲೆ ಕೂರುವ ಜಾಗ. ಕೇಳಲೆಂದು ಹೋದರೆ ಆಕೆ, "ಕೊರೀರಿ ತಗೋರಿ, ನಮಗೇನು ಬಿಸಿ ಹೊಸಾದೇನು?" ಎಂದುಬಿಟ್ಟಳು. ಅಮ್ಮಿ ಮಾತ್ರ ಬೇಡವೆಂದರು. ಒಪ್ಪಿದರು ಎಂಬ ಕಾರಣಕ್ಕೆ ನಮ್ಮ ಬಿಸಿಯನ್ನು ಇನ್ನೊಬ್ಬರ ಬಾಗಿಲಿಗೆ ಕಳಿಸಬಾರದು ಎಂಬುದು ಅವರ ವಾದ. ಅದರ ಮೇಲೆ ಯಾರೂ ಮಾತಾಡಲಿಲ್ಲ.

ದಾರಿ ಸಿಕ್ಕಿದ್ದು ಇನ್ನೊಂದು ಕಡೆಯಿಂದ. ಬಿಸಿಯನ್ನು ಎಲ್ಲಿಗೆ ಕಳಿಸುವುದು ಎಂದು ಹುಡುಕುತ್ತಿದ್ದ ಹುಡುಗ, ಬಿಸಿಯನ್ನು ಹುಟ್ಟಿಸದೆಯೇ ಇರುವುದು ಹೇಗೆ ಎಂದು ನೋಡತೊಡಗಿದ. ಕಾರ್ಡಿಗೆ 170 ವಾಟಿನ ಬದಲು 120 ವಾಟ್ ಸಾಕು ಎಂದು ಮಿತಿ ಹಾಕಿದ. ಇದಕ್ಕೆ ಹೊಸ ಸಾಮಾನು ಬೇಡ, ಒಂದು ಗೆರೆಯನ್ನು ಎಡಕ್ಕೆ ಎಳೆದರೆ ಮುಗಿಯಿತು. ಒಂದು ತಾಸಿನ ಕೆಲಸ ಹತ್ತು ನಿಮಿಷ ಹೆಚ್ಚು ಹಿಡಿಯಿತು, ಅಷ್ಟೇ. ಚಿಪ್ಪಿನ ಗುಣವೇ ಹಾಗೆ. ಕೊನೆಯ ಸ್ವಲ್ಪ ವೇಗಕ್ಕಾಗಿ ಅದು ಬಹಳಷ್ಟು ಕರೆಂಟು ತಿನ್ನುತ್ತದೆ. ಆಟದಲ್ಲಿ ಸೆಕೆಂಡಿಗೆ ನೂರು ಚಿತ್ರದ ಬದಲು ಅರವತ್ತಕ್ಕೆ ನಿಲ್ಲಿಸಿದ. ನೀರು 50ರ ಆಸುಪಾಸಿಗೆ ಇಳಿಯಿತು. ಜೊತೆಗೆ ಹೊತ್ತನ್ನೂ ಬದಲಿಸಿದ. ಅಮ್ಮಿ ರಾತ್ರಿ ಅಂಗಳದಲ್ಲಿ ಮಲಗಿದ ಮೇಲೆ ಕೆಲಸ ಹಚ್ಚಿ, ಫಜರ್ ಬಾಂಗಿನ ಹೊತ್ತಿಗೆ ಮುಗಿಸುತ್ತಿದ್ದ. ಯಂತ್ರಕ್ಕೆ ಸದ್ದಿಲ್ಲದ್ದರಿಂದ ಯಾರ ನಿದ್ದೆಯೂ ಕೆಡಲಿಲ್ಲ. ಮಧ್ಯಾಹ್ನ ಕೂಲರ್ ಅಮ್ಮಿಗೇ ಉಳಿಯಿತು. ಏಳು ಮದುವೆಗಳೂ ಹೊತ್ತಿಗೆ ಸರಿಯಾಗಿ ಮುಗಿದವು.

ಆ ಮೇಲೆ ನಮ್ಮ ಕಣ್ಣಿಗೆ ಬೀಳುವುದೇ ಬೇರೆಯಾಯಿತು. ಓಣಿಯಲ್ಲಿ ಎಸಿ ಹಾಕಿಸಿದ ಮನೆಗಳು ಹೆಚ್ಚುತ್ತಿವೆ. ಒಳಗೆ ತಂಪು, ಹೊರಗಿನ ಡಬ್ಬಿಯಿಂದ ಬಿಸಿಗಾಳಿ ದಾರಿಯಲ್ಲಿ ಹೋಗುವವರ ಮುಖಕ್ಕೆ. ಮೊಬೈಲಿನಲ್ಲಿ ಒಂದು ಹಾಡು ಕೇಳಿದರೆ, ಒಂದು ಪ್ರಶ್ನೆ ಕೇಳಿದರೆ, ನಮ್ಮ ಕೈ ಬಿಸಿಯಾಗುವುದಿಲ್ಲ. ಆದರೆ ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿ ಅದರ ಬಿಸಿ ಹುಟ್ಟುತ್ತದೆ. ಅಲ್ಲಿ ಅದನ್ನು ತಣಿಸಲು ಎಷ್ಟೋ ಕಡೆ ನೀರನ್ನು ಆವಿ ಮಾಡುತ್ತಾರೆ, ಹರವಿಯ ದಾರಿಯನ್ನೇ ದೊಡ್ಡದು ಮಾಡಿ. ಆ ನೀರು ಯಾವ ಊರಿನದು, ಯಾರ ಕೊಡದ್ದು ಎಂದು ನಾವು ಕೇಳುವುದಿಲ್ಲ. ಬೆಂಗಳೂರು 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದದ್ದನ್ನು ಎಲ್ಲರೂ ನೋಡಿದ್ದೇವೆ. ಹುಡುಗನ ಯಂತ್ರದಲ್ಲಿ ಒಂದು ಒಳ್ಳೆಯ ಗುಣವಿದೆ. ಅದರ ಬಿಸಿ ನಮ್ಮ ಕೋಣೆಯಲ್ಲೇ ಇರುವುದರಿಂದ ಅದರ ಲೆಕ್ಕವನ್ನು ನಾವೇ ಕೊಡಬೇಕಾಯಿತು.

ಮೇ ತಿಂಗಳ ಒಂದು ಮಧ್ಯಾಹ್ನ ಹುಡುಗ ತನ್ನ ಬಳಿ ಉಳಿದಿದ್ದ ಇನ್ನೊಂದು ಮಾಪಕವನ್ನು ಅಪ್ಪನ ಪಾಲಿಶ್ ಶೆಡ್ಡಿಗೆ ಒಯ್ದ. ತಗಡಿನ ಮಾಡು, ಕಲ್ಲಿನ ರಾಡಿ, ಬ್ಲೇಡಿನ ಕಿರುಚಾಟ. ಆರು ಜನ ದುಡಿಯುತ್ತಿದ್ದರು. ಎರಡು ಗಂಟೆಗೆ ಮಾಪಕ 46 ತೋರಿಸಿತು. ಬ್ಲೇಡಿನ ಮೇಲೆ ನೀರು ಬಿಡದೆ ಸುರಿಯುತ್ತಿತ್ತು. ದುಡಿಯುವವರ ನೀರಿನ ಕ್ಯಾನು ಬಾಗಿಲ ಹೊರಗೆ ಬಿಸಿಲಲ್ಲಿತ್ತು.

ಆ ರಾತ್ರಿ ಊಟಕ್ಕೆ ಕುಳಿತಾಗ ಹುಡುಗ ಅಪ್ಪನಿಗೆ ಕೇಳಿದ, "ಅಬ್ಬಾ, ನನ್ನ ಮಿಷನ್ನಿನ ನೀರು 60 ಮುಟ್ಟಿದರೆ ಬಂದ್ ಮಾಡ್ತೀನಿ. ನಿಮ್ಮಲ್ಲಿ ದುಡಿಯೋರನ್ನ ಎಷ್ಟಕ್ಕೆ ನಿಲ್ಲಿಸ್ತೀರಿ?"

ಅಣ್ಣ ಉತ್ತರ ಕೊಡಲಿಲ್ಲ. ಮೂರನೆಯ ದಿನದಿಂದ ಶೆಡ್ಡು ಬೆಳಿಗ್ಗೆ 6ಕ್ಕೆ ತೆರೆದು 11ಕ್ಕೆ ಮುಚ್ಚತೊಡಗಿತು, ಮತ್ತೆ ಸಂಜೆ 5ಕ್ಕೆ ತೆರೆಯುತ್ತಿತ್ತು. ಬಾಗಿಲ ಒಳಗೆ, ನೆರಳಿನಲ್ಲಿ, ಮರಳಿನ ಮೇಲೆ ಎರಡು ಹರವಿಗಳನ್ನು ಇರಿಸಿದ್ದರು.